ಹೊಸ್ತಿಲಲ್ಲಿಟ್ಟ ಮೂಗಿನ ಗಿಂಡಿ

ಗಾಳೂರು
ಧೂಳುಮಾಸ, ನಲವತ್ತೊಂದನೇ ತಾರೀಖು, ೨೨೮೬

ಪೂಜ್ಯ ಹಿರಿಯವ್ವ ಸುಂಕಲಮ್ಮನವರಿಗೆ, ನಿಮ್ಮ ಮಗಳ ವಂಶದಲ್ಲಿ ಹುಟ್ಟಿದ ಗಾದಿಲಿಂಗ ಮಾಡುವ ನಮಸ್ಕಾರಗಳು.

ಇವತ್ತು ಮಧ್ಯಾಹ್ನ ಉಂಡು ಅಡ್ಡಾದಾಗ ಕೆಟ್ಟ ಕನಸು ಬಿತ್ತು. ನಮ್ಮ ಓಣಿಯವರೆಲ್ಲ ಸಾಲಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ಮೂಗಿರಲಿಲ್ಲ. ಮೂಗಿನ ಜಾಗ ಬೂದಿ ಹಚ್ಚಿ ತಿಕ್ಕಿದ ತಾಟಿನಂತೆ ನುಣ್ಣಗಿತ್ತು. ಎಷ್ಟು ಸ್ವಚ್ಛ, ಎಷ್ಟು ಸ್ವಚ್ಛ ಎಂದು ಒಬ್ಬರನ್ನೊಬ್ಬರು ಹೊಗಳುತ್ತಲೂ ಇದ್ದರು. ಎದ್ದವನೇ ಮೊದಲು ನನ್ನ ಮೂಗು ಮುಟ್ಟಿ ನೋಡಿಕೊಂಡೆ. ಆಮೇಲೆ ಹಿತ್ತಿಲಲ್ಲಿ ಕಾಳು ಹಸನು ಮಾಡುತ್ತಿದ್ದ ನನ್ನ ಅಕ್ಕನ ಮಗಳು ಹುಲಿಗೆಮ್ಮನ ಮುಖ ನೋಡಿದೆ. "ಏನ್ ಮಾವ, ಹಂಗ್ಯಾಕ ನೋಡಾಕತ್ತಿ?" ಅಂದಳು. ಏನಿಲ್ಲ ಎಂದು ಒಳಗೆ ಬಂದು ಈ ಕಾಗದ ಬರೆಯಲು ಕುಳಿತೆ.

ಮೇಲಿನ ತಾರೀಖು ನೋಡಿ ಬರೆದವನಿಗೆ ಬುದ್ಧಿ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ಕೆಂಪು ಗಾಳಿ ನಿಲ್ಲುವವರೆಗೂ ನಮ್ಮಲ್ಲಿ ಧೂಳುಮಾಸ ಮುಗಿಯುವುದಿಲ್ಲ, ತಾರೀಖು ಬೆಳೆಯುತ್ತಲೇ ಹೋಗುತ್ತದೆ. ನಿಮಗೆ ಈಗಿನ್ನೂ ಮೂವತ್ತು ದಾಟಿರಲಿಕ್ಕಿಲ್ಲ, ಹಿರಿಯವ್ವ ಅಂದೆನೆಂದು ನಗಬೇಡಿ. ನನ್ನ ಓದು ತುಂಡು ತುಂಡಾದದ್ದು, ಗಾಳಿ ಎದ್ದಾಗೆಲ್ಲ ಶಾಲೆ ಮುಚ್ಚುತ್ತಿತ್ತು, ನಾಲ್ಕನೇ ಈಯತ್ತೆ ಆದ ಮೇಲೆ ಮತ್ತೆ ತೆರೆಯಲೇ ಇಲ್ಲ. ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದವನ್ನು ಹಿಂದಂಚೆಯವರು ಒಯ್ಯುತ್ತಾರೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಅದು ತಲುಪುತ್ತದೆಯೋ ಇಲ್ಲವೋ ಎನ್ನುವುದು ನನಗೆ ಇನ್ನೊಂದು ಚಿಂತೆ.

ನಮ್ಮ ಮನೆಯಲ್ಲಿ ನಿಮ್ಮ ಕಥೆಯನ್ನು ಇಂದಿಗೂ ಹೇಳುತ್ತಾರೆ. ನಿಮಗೆ ಧೂಳಿನ ನೆಗಡಿ ಹಿಡಿದು ಬಿಡದೇ ಇದ್ದಾಗ, ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳಲು ಡಾಕ್ಟರು ಹೇಳಿದರಂತೆ. ಮೂಗು ಬಿಟ್ಟು, ತಲೆ ಹಗುರವಾಗಿ, ಆ ಖುಷಿಯಲ್ಲಿ ನೀವು ಮನೆಗೆ ಬಂದವರಿಗೂ ಗಿಂಡಿ ತುಂಬಿ ಕೊಟ್ಟಿರಂತೆ. ಅದು ಒಳ್ಳೆಯ ಮನಸ್ಸಿನ ಕೆಲಸ, ನಾನು ತಪ್ಪು ಹೇಳುತ್ತಿಲ್ಲ. ಈಗ ಗಾಳೂರಿನಲ್ಲಿ ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲೂ ಒಂದು ಗಿಂಡಿ ಇರುತ್ತದೆ. ನಿಮ್ಮ ಕಾಲದವರು ಬಂದವರಿಗೆ ಕೈಕಾಲಿಗೆ ನೀರು ಕೊಡುತ್ತಿದ್ದರಂತಲ್ಲ, ಹಾಗೆ ನಾವು ಮೂಗಿಗೆ ನೀರು ಕೊಡುತ್ತೇವೆ. ಬಂದವರು ತಲೆ ವಾಲಿಸಿ ಒಂದು ಹೊಳ್ಳೆಯಲ್ಲಿ ಹೊಯ್ದು ಇನ್ನೊಂದರಲ್ಲಿ ಬಿಟ್ಟು, ಸೀನಿ, ಆಮೇಲೆ ಒಳಗೆ ಬಂದು ಕೂರಬೇಕು. ಬೇಡ ಎಂದರೆ ಆ ಮನೆಯ ಅನ್ನ ಬೇಡವೆಂದಷ್ಟೇ ಅವಮಾನ. ಬೀಗರ ಮನೆಯಲ್ಲಂತೂ ಒಳಗೆ ಹೋಗುವಾಗ ಒಮ್ಮೆ, ಉಂಡ ಮೇಲೆ ಒಮ್ಮೆ, ಹೊರಡುವಾಗ ಇನ್ನೊಮ್ಮೆ. ಮದುವೆಗೆ ಕರೆಯಲು ಓಣಿ ಸುತ್ತಿದ ಹೆಂಗಸರು ಸಂಜೆಗೆ ಕೆಂಪು ಮೂಗು ಹೊತ್ತು, ಕಿವಿ ಗುಂಯ್ ಎನ್ನುತ್ತದೆ ಎನ್ನುತ್ತಾ ಬರುತ್ತಾರೆ. ಕೆಂಪು ಮೂಗು ಎಂದರೆ ನಾಲ್ಕು ಮನೆಯಲ್ಲಿ ಮರ್ಯಾದೆ ಇರುವವರು ಎಂದು ಲೆಕ್ಕ.

ಹುಲಿಗೆಮ್ಮ ನಮ್ಮ ಓಣಿಯ ಮೂಸುಗಾರ್ತಿ. ಆ ಪದ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಒಲೆಗಳು ಉರಿಯುವುದು ಗೊಬ್ಬರದ ಗ್ಯಾಸಿನಿಂದ, ಅದರ ಕೊಳವೆ ಮನೆಯಿಂದ ಮನೆಗೆ ಗೋಡೆಯೊಳಗೇ ಓಡುತ್ತದೆ. ಸೋರಿದರೆ ಕೂಗುವ ಯಂತ್ರಗಳನ್ನು ಮೊದಲು ಹಾಕಿದ್ದರು. ಕೆಂಪು ಧೂಳು ಅವುಗಳ ಬಾಯಿ ಕಟ್ಟಿತು. ಆದ್ದರಿಂದ ಓಣಿಗೊಬ್ಬ ಒಳ್ಳೆಯ ಮೂಗಿನವರನ್ನು ಆರಿಸುತ್ತಾರೆ. ಅವರು ಬೆಳಿಗ್ಗೆ ಒಲೆ ಹೊತ್ತುವ ಮುಂಚೆ ಮನೆ ಮನೆ ಹೊಕ್ಕು ಮೂಸಿ, ಹಚ್ಚಿರಿ ಎಂದ ಮೇಲೆಯೇ ಬೆಂಕಿ ಕಾಣುವುದು. ಹುಲಿಗೆಮ್ಮನ ಮೂಗು ಎಂಥದ್ದೆಂದರೆ, ಮುಚ್ಚಿದ ಡಬ್ಬಿಯ ಬೆಲ್ಲ ಹಳೆಯದೋ ಹೊಸದೋ ಹೇಳುತ್ತಿದ್ದಳು. ಆದರೆ ಯೋಚಿಸಿ ಹಿರಿಯವ್ವ, ಓಣಿಯ ಎಲ್ಲ ಮನೆಗೆ ಹೋಗುವವಳು ಅವಳೊಬ್ಬಳೇ. ಪ್ರತಿ ಮನೆಯ ಹೊಸ್ತಿಲಲ್ಲೂ ಗಿಂಡಿ. ನಮ್ಮನ್ನು ಕಾಯುವ ಮೂಗನ್ನೇ ನಾವು ಎಲ್ಲಕ್ಕಿಂತ ಹೆಚ್ಚು ತೊಳೆದೆವು. ಒಂದು ದಿನ ಮೂಗಿನಿಂದ ರಕ್ತ ಬಂದಿತ್ತೆಂದು ಅವಳು ಗಿಂಡಿ ಬೇಡವೆಂದದ್ದಕ್ಕೆ, ಎದುರು ಮನೆಯ ಪಂಪಾವತಿ, "ಯಾಕವ್ವಾ, ಬ್ಯಾರೆಯವರ ಮನಿ ನೀರು ಸಿಹಿ, ನಮ್ಮನಿದು ಕಹಿ ಏನು?" ಎಂದು ಬಾಗಿಲಿಗೆ ಅಡ್ಡ ನಿಂತಳು. ಪಾಪ, ಹುಡುಗಿ ಹೊಯ್ದುಕೊಂಡಳು.

ಓಣಿಯ ಕೊನೆಯಲ್ಲಿ ದುರುಗಪ್ಪ ತಾತ ಇರುತ್ತಾನೆ. ಬೀಡಿ ಸೇದುತ್ತಾನೆ, ಮೂಗು ತೊಳೆಯುವುದಿಲ್ಲ. ಅವನ ಮನೆಯಲ್ಲಿ ಗಿಂಡಿಯೇ ಇಲ್ಲ, ಅದಕ್ಕೇ ಮೂಸಲು ಹೋಗುವ ಹುಲಿಗೆಮ್ಮನನ್ನು ಬಿಟ್ಟರೆ ಯಾರೂ ಹೋಗುವುದಿಲ್ಲ. ಈ ಧೂಳುಮಾಸದ ಶುರುವಿನಲ್ಲಿ ಹುಲಿಗೆಮ್ಮ ಅಲ್ಲಿ ಮೂಸಿ, ಹಚ್ಚು ತಾತ ಎಂದು ಹೊರಗೆ ಬಂದಳು. ನಾನು ಓಣಿಯ ನಾಲ್ಕು ಜನರ ಜೊತೆ ಕಟ್ಟೆಯ ಮೇಲೆ ಕುಳಿತಿದ್ದೆ. ತಾತ ಗೀರದ ಬೆಂಕಿಕಡ್ಡಿ ಕೈಯಲ್ಲಿ ಹಿಡಿದೇ ಅವಳ ಹಿಂದೆ ಬಂದ.

"ಏ ಹುಡುಗಿ, ಕೊಳೆತ ತತ್ತಿ ವಾಸ್ನಿ ಹೊಡಿಯಾಕತೈತಿ. ಏನ್ ಮೂಸಿದಿ ನೀನು?"

"ಅದು ನಿನ್ನ ಅಂಗಿ ವಾಸ್ನಿ ತಾತ. ಒಗದು ಎಷ್ಟು ದಿನಾತು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ತಾತ ನಗಲಿಲ್ಲ. ಒಳಗೆ ಹೋಗಿ ಸಾಬೂನು ನೀರು ಕಲಸಿ, ಒಲೆಯ ಹಿಂದಿನ ಕೊಳವೆಯ ಕೀಲಿಗೆ ಸುರಿದು, "ಬರ‍್ರಿ, ನೋಡ್ರಿ" ಎಂದು ಕರೆದ. ಕೀಲಿನ ಸುತ್ತ ಗುಳ್ಳೆ ಎದ್ದು ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಹುಲಿಗೆಮ್ಮ ಗುಳ್ಳೆಗಳ ಹತ್ತಿರಕ್ಕೇ ಮುಖ ಒಯ್ದು ಉಸಿರೆಳೆದಳು. ತಿರುಗಿ ನನ್ನನ್ನು ನೋಡಿ, "ಏನೂ ಬರವಲ್ದು ಮಾವ" ಅಂದಳು. ಆ ಮುಖ ನನಗೆ ಮರೆಯುತ್ತಿಲ್ಲ. ಕೊಳವೆ ಕಟ್ಟಿಸಿದೆವು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ನಮ್ಮ ಓಣಿಯಲ್ಲಿ ಒಲೆ ಹಚ್ಚಲು ಎಲ್ಲರಿಗೂ ಹೆದರಿಕೆ.

ಡಾಕ್ಟರಮ್ಮ ದೀಪ ಹಿಡಿದು ಅವಳ ಮೂಗಿನೊಳಗೆ ನೋಡಿ ನನಗೇ ಬೈದರು. "ಮೂಗು ಏನು ಬಚ್ಚಲೇನ್ರೀ, ಹೊತ್ತಿಲ್ಲದ ಹೊತ್ತಿನಾಗ ತಿಕ್ಕಾಕ?" ಮೂಗಿನೊಳಗೆ ಒಂದು ಅಂಟು ಪಸೆ ಇರುತ್ತದಂತೆ. ಧೂಳನ್ನೂ ರೋಗದ ಹುಳವನ್ನೂ ಹಿಡಿದು ನಿಲ್ಲಿಸುವುದು ಅದೇ ಅಂತೆ. ನಾವು ಹೊಲಸೆಂದು ತೊಳೆದದ್ದು ಆ ಕಾವಲನ್ನೇ. ಅದು ಹೋದ ಮೇಲೆ ಒಳಗೆ ಒಣಗಿ, ಬಿರಿದು, ಕೀವಾಗಿ, ಬಾತು, ವಾಸನೆ ಒಳಗೆ ಹೋಗುವ ದಾರಿಯೇ ಮುಚ್ಚಿದೆ ಎಂದರು. ಗಿಂಡಿಯ ಮೂತಿಯನ್ನು ಸೆರಗಿನಲ್ಲಿ ಒರೆಸಿ ಮುಂದಿನವರಿಗೆ ಕೊಡುತ್ತೇವೆ ಎಂದಾಗ ತಲೆ ಹಿಡಿದುಕೊಂಡರು. ಕುದಿಸಿ ಆರಿಸಿದ ನೀರು ತೀರಿದರೆ ನಲ್ಲಿಯ ನೀರನ್ನೇ ತುಂಬುತ್ತೇವೆ ಎಂದಾಗ ಮಾತ್ರ ಅವರು ಬೈಯಲಿಲ್ಲ, ಕೈಯಲ್ಲಿದ್ದ ದೀಪ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, ಅಂಥ ನೀರಿನಲ್ಲಿ ಕಣ್ಣಿಗೆ ಕಾಣದ ಹುಳವಿದ್ದು ಮೂಗಿನಿಂದ ಮಿದುಳಿಗೆ ಏರುವುದುಂಟು, ಅಪರೂಪ, ಆದರೆ ಏರಿದರೆ ಉಳಿಯುವವರು ಕಡಿಮೆ ಎಂದರು. ಆ ಮೆಲು ಮಾತೇ ನನಗೆ ಬೈಗಳಿಗಿಂತ ಹೆಚ್ಚು ಭಯ ತಂದಿತು.

ಈಗ ಹುಲಿಗೆಮ್ಮನಿಗೆ ಔಷಧಿ ನಡೆದಿದೆ, ಗಿಂಡಿ ಬಂದ್. ಅವಳು ಗಿಂಡಿಯನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಸಾಕು, ಮರ್ಯಾದೆ ಸಂದಂತೆ ಎಂದು ಅಕ್ಕ ಓಣಿಯಲ್ಲೆಲ್ಲ ಹೇಳಿ ಬಂದಿದ್ದಾಳೆ. ಪಂಪಾವತಿಯೂ ಹೂಂ ಅಂದಿದ್ದಾಳೆ. ಮೊನ್ನೆ ಅಕ್ಕ ಒಗ್ಗರಣೆ ಹಾಕುವಾಗ ಹುಲಿಗೆಮ್ಮ ಪಡಸಾಲೆಯಿಂದಲೇ, "ಬೆಳ್ಳುಳ್ಳಿ ಸೀಯಾಕತೈತಿ ಬೇ!" ಎಂದು ಕೂಗಿದಳು. ಅಕ್ಕ ಕಣ್ಣೀರು ಹಾಕಿದಳು. ನಾನು ಮಾತ್ರ ಇನ್ನೂ ಯೋಚಿಸುತ್ತಿದ್ದೇನೆ. ವಾಸನೆ ನಿಜವಾಗಿ ಬಂದಿತೋ, ಸಾಸಿವೆ ಚಟಪಟ ಎಂದದ್ದು ಕೇಳಿ ನಮ್ಮ ಸಮಾಧಾನಕ್ಕೆ ಅಂದಳೋ? ಕೇಳಲು ಧೈರ್ಯವಿಲ್ಲ. ಗಾಳಿ ನಿಲ್ಲುವುದರೊಳಗೆ ವಾಸನೆ ಮರಳದಿದ್ದರೆ ಬೇರೆಯವರನ್ನು ಆರಿಸುತ್ತಾರೆ. ಆ ಬೇರೆಯವರೂ ಇವೇ ಮನೆಗಳಿಗೆ ಹೋಗುವವರು.

ಹಿರಿಯವ್ವ, ನೆಗಡಿ ಹಿಡಿದಾಗ ತೊಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಆಗ ಅದು ಮದ್ದು ಎಂದು ಡಾಕ್ಟರಮ್ಮನೂ ಒಪ್ಪಿದರು. ನೀವು ಹೇಳಿದ್ದೆಲ್ಲ ಬಾಯಿಂದ ಬಾಯಿಗೆ ನಮ್ಮವರೆಗೆ ಬಂದಿದೆ. ನೀರು ಕುದಿಸಿ ಆರಿಸುವುದು ಬಂದಿದೆ, ಉಪ್ಪಿನ ಹದ ಬಂದಿದೆ, ಬಾಯಲ್ಲಿ ಉಸಿರಾಡುತ್ತಾ ತಲೆ ಯಾವ ಕಡೆ ವಾಲಿಸಬೇಕೆಂಬುದೂ ಬಂದಿದೆ. ಎಲ್ಲಿಯವರೆಗೆ ಎಂಬುದು ಮಾತ್ರ ಬಂದಿಲ್ಲ. ಮನೆಯ ಹಿರಿಯರನ್ನೆಲ್ಲ ಕೇಳಿದೆ, ಯಾರಿಗೂ ಗೊತ್ತಿಲ್ಲ. ಡಾಕ್ಟರು ಹೇಳಲಿಲ್ಲವೋ, ನೀವು ಖುಷಿಯಲ್ಲಿ ಕೇಳಿಸಿಕೊಳ್ಳಲಿಲ್ಲವೋ. ನಿಮ್ಮ ಡಾಕ್ಟರು ನಿಮಗೆ ಹತ್ತಿರವೇ ಇದ್ದಾರೆ. ದಯವಿಟ್ಟು ನಾಳೆ ಒಂದು ಸಲ ಹೋಗಿ ಬನ್ನಿ. ಮೂಗು ತೊಳೆಯುವುದನ್ನು ಯಾವಾಗ ನಿಲ್ಲಿಸಬೇಕು, ಅದೊಂದನ್ನು ಕೇಳಿ ನೋಡಿ.