ನೂಲು ಹರಿದದ್ದಕ್ಕೆ ನನ್ನ ಮಾಳಿಗೆಯ ಕಂಬ ಕಾರಣವೇ?

ಕಟ್ಟಡ ಪರವಾನಿಗೆ ನೋಡಿಕೊಳ್ಳುವ ಮಾನ್ಯರೇ,

ನಮ್ಮ ಮಾಳಿಗೆಯ ಮೇಲಿನ ರೇಡಿಯೋ ಕಂಬವನ್ನು ಸೋಮವಾರದೊಳಗೆ ಇಳಿಸಬೇಕು, ಇಲ್ಲದಿದ್ದರೆ ನಿಮ್ಮವರೇ ಬಂದು ಕತ್ತರಿಸುತ್ತಾರೆ ಎಂದು ನೋಟಿಸು ಕಳಿಸಿದ್ದೀರಿ. ಕಾರಣ ಓದಿ ಓಣಿಯೇ ಬೆರಗಾಗಿದೆ. ಕಂಬದ ತರಂಗಗಳಿಂದ ಪಕ್ಕದ ಮನೆಯ ಮಗ್ಗದಲ್ಲಿ ನೂಲಿನ ಎಳೆ ಹರಿಯುತ್ತಿದೆಯಂತೆ! ಎರಡಿಂಚಿನ ಕಬ್ಬಿಣದ ಪೈಪನ್ನು 'ಗೋಪುರ' ಎಂದು ಬರೆದಿದ್ದೀರಿ. ಒಮ್ಮೆ ಏಣಿ ಹತ್ತಿ ನೋಡಿದ್ದರೆ ಇಷ್ಟು ಭಕ್ತಿ ಹುಟ್ಟುತ್ತಿರಲಿಲ್ಲ.

ನಾನು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವವಳು. ಓದಿದ್ದು ಐದನೆಯ ತರಗತಿ. ಎದುರು ನಿಂತು ಮಾತಾಡಲು ನಾಚಿಕೆ. ಆದರೂ ಎರಡು ವರ್ಷ ಕಲಿತು, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದೆ. ಆ ಕಂಬವಿದ್ದರೆ ನನಗೆ ರೇಡಿಯೋ ಕಲಿಸಿದ ಗಲಗಲಿಯ ವೀರೇಶ ಸರ್ ಜೊತೆ, ಮುಖ ಕಾಣದ ಎಷ್ಟೋ ಊರಿನವರ ಜೊತೆ ಧೈರ್ಯವಾಗಿ ಮಾತಾಡುತ್ತೇನೆ. ಅದು ಇಳಿದರೆ ನನ್ನ ಮಾತೂ ನಿಂತಂತೆಯೇ.

ನೋಟಿಸು ಹಿಡಿದು ಕಚೇರಿಗೆ ಬಂದು ನಿಮ್ಮ ಮೇಜಿನ ಮೇಲೆ ಲೈಸೆನ್ಸ್ ಇಟ್ಟಾಗ ನೀವು ಓದಲಿಲ್ಲ. "ಐದನೇತ್ತಾ ಕಲತಾಕಿಗೆ ವೈರ್‌ಲೆಸ್ ಯಾಕ ಬೇಕವಾ?" ಎಂದು ನಕ್ಕಿರಿ. ನನ್ನ ಜೊತೆ ಬಂದಿದ್ದ ನಮ್ಮವ್ವ ಅನಸವ್ವ ಕೇಳಿದಳು: "ಬ್ಯಾಸಗ್ಯಾಗ ನಮ್ಮ ಮಗ್ಗದಾಗೂ ಎಳಿ ಹರಿತಾವ್ರೀ ಸಾಹೇಬ್ರ. ಹಂಗಾರ ಸೂರ್ಯಾಗೂ ಒಂದು ನೋಟಿಸ್ ಕೊಡ್ತೀರೇನ್ರೀ?"

ಗಾಳಿ ಒಣಗಿದರೆ ನೂಲು ಹರಿಯುತ್ತದೆ ಎಂಬುದು ನೇಕಾರರ ಮನೆಯ ಕೂಸಿಗೂ ಗೊತ್ತು. ಅದಕ್ಕೇ ಮಗ್ಗದ ಸುತ್ತ ನೀರು ಚಿಮುಕಿಸುತ್ತೇವೆ. ದೂರು ಕೊಟ್ಟ ಪಕ್ಕದ ಮನೆಯ ಗಿರಮಲ್ಲಪ್ಪ ಕಾಕಾ ಈ ವರ್ಷ ನೆಲಕ್ಕೆ ಟೈಲ್ಸ್ ಹಾಕಿಸಿದರು. ಜಾರುತ್ತದೆಂದು ನೀರು ಚಿಮುಕಿಸುವುದನ್ನು ಕೈಬಿಟ್ಟರು. ಅದೇ ತಿಂಗಳು ನಾನು ಕಂಬ ನಿಲ್ಲಿಸಿದೆ. ಪಾಪ, ಅವರ ಕಣ್ಣಿಗೆ ಬಿದ್ದದ್ದು ಕಂಬ.

ನೋಟಿಸು ಬಂದ ದಿನವೇ ರೇಡಿಯೋ ಬಂದ್ ಮಾಡಿದೆ. ನಾಲ್ಕನೆಯ ದಿನ ಮತ್ತೆ ಎಳೆ ಹರಿದಾಗ ಕಾಕಾ ಗೋಡೆಯಾಚೆಯಿಂದ ಕೂಗಿದರು: "ಏ ತಂಗಿ, ಮತ್ತ ಹಚ್ಚೀ ಏನ ಅದನ್ನ?" ಅವರನ್ನು ಕರೆದು, ಬಿಚ್ಚಿಟ್ಟ ತಂತಿ ತೋರಿಸಿದೆ. ನೋಡಿ ಮನೆಗೆ ಹೋದವರು ಗೋಣಿತಟ್ಟು ತೋಯಿಸಿ ಮಗ್ಗದ ಕೆಳಗೆ ಹಾಸಿದರು. ಎಳೆ ಹರಿಯುವುದು ನಿಂತಿತು; ಸಂಜೆಗೆ ಬಂದು, "ನಂದ ತಪ್ಪಾತವ್ವಾ, ನಾಳೆ ಹೋಗಿ ತಕರಾರು ವಾಪಸ್ ತಗೋತೀನಿ" ಎಂದರು. ಹೋದರು ಕೂಡ. ನೀವು ಅವರಿಗೆ ಹೇಳಿದ್ದೇನು? "ಫೈಲ್ ಮುಂದ ಹೋಗೇತಿ. ಕಂಬ ಇಳದ ಮ್ಯಾಲ ಬರ್ರಿ."

ಆಹಾ! ದೂರು ಕೊಟ್ಟವರೇ ಬೇಡವೆಂದರೂ ಫೈಲ್ ತನ್ನ ಪಾಡಿಗೆ ನಡೆಯುತ್ತಿದೆ. ಅರವತ್ತು ದಾಟಿದ ನೇಕಾರರು ನನ್ನಂಥ ಹುಡುಗಿಯ ಮುಂದೆ ತಪ್ಪೊಪ್ಪಿಕೊಂಡರು. ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆಯಲು ನಿಮಗೇನು ಅಷ್ಟು ಕಷ್ಟ?

ನೋಟಿಸು ವಾಪಸು ಪಡೆಯಿರಿ. ಇಲ್ಲವೇ ಖುದ್ದಾಗಿ ಮಾಳಿಗೆ ಹತ್ತಿ, ಕಂಬದಲ್ಲಿರುವ ದೋಷವನ್ನು ಬರೆದು ಸಹಿ ಮಾಡಿಕೊಡಿ. ಗಾಳಿಗೆ ಬಿದ್ದೀತೆಂಬ ಭಯವಿದ್ದರೆ ಇನ್ನೆರಡು ಕಡೆ ಬಿಗಿದು ಕಟ್ಟುತ್ತೇನೆ, ಅದು ನ್ಯಾಯದ ಮಾತು. ಸುಳ್ಳೆಂದು ಗೊತ್ತಾದ ಕಾರಣಕ್ಕೆ ಮಾತ್ರ ಒಂದು ಬೋಲ್ಟನ್ನೂ ಸಡಿಲಿಸುವುದಿಲ್ಲ. ಇವತ್ತು ಬೆಳಿಗ್ಗೆಯೇ ರೇಡಿಯೋ ಮತ್ತೆ ಹಚ್ಚಿದ್ದೇನೆ.

ಇಂತಿ,
ಸೋಮವಾರದ ತನಕವಂತೂ ಸಂಪರ್ಕದಲ್ಲಿರುವ
ಪ್ರಾಜಕ್ತಾ, ನೇಕಾರ ಓಣಿ