ಕಿಮುರಾ ಸಾನ್ ಹೊಲದ ನಡುಭಾಗ

ವಸುಧಾ ಅಕ್ಕಾ,

ಈ ಸಲದ ಕೊಯ್ಲು ಮುಗೀತು. ರೈತರೆಲ್ಲ ಒಂದು ಕಡೆ ಸೇರಿ ಯಾರ ಹೊಲದಲ್ಲಿ ಎಷ್ಟು ಬಂತು ಅಂತ ಹೇಳಿಕೊಂಡಿದ್ದೂ ಆಯ್ತು. ಆ ಸುದ್ದಿ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಆದರೆ ಅದಕ್ಕೂ ಮೊದಲು, ಒಂದು ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡಿರೋ ಮಾತೊಂದಿದೆ.

ನಾನು ಮೈಸೂರಿಂದ ಜಪಾನಿಗೆ, ಈ ಹೊಕ್ಕೈಡೋಗೆ ಬಂದಿಳಿದ ವಾರ ನಿಮಗೆ ನೆನಪಿದೆಯಾ? ಲ್ಯಾಬಿನಲ್ಲಿ ಎಲ್ಲರೆದುರು ಮೇಡಂ ಅಂದೆ. ಕಾರಿಡಾರಿಗೆ ಕರ್ಕೊಂಡು ಹೋಗಿ, "ಹದಿನಾರು ವರ್ಷದಿಂದ ಈ ಬಿಲ್ಡಿಂಗಲ್ಲಿ ಯಾರೂ ನನ್ನ ಕನ್ನಡದಲ್ಲಿ ಮಾತಾಡಿಸಿಲ್ಲ ಕಣೇ ರಶ್ಮಿ. ಅಕ್ಕ ಅನ್ನು ಸಾಕು" ಅಂದ್ರಿ. ಮಾರನೇ ದಿನವೇ ಕ್ಯಾನೋಲಾ ಹೊಲ ತೋರಿಸಿದ್ರಿ. ನನ್ನ ಕಣ್ಣಿಗೆ ಅದು ಬರೀ ಸಾಸಿವೆ ಗಿಡ. "ಸಾಸಿವೆಯ ದೊಡ್ಡಪ್ಪನ ಮಗಳು ಅಂತಿಟ್ಕೋ, ಎಣ್ಣೆ ಮಾತ್ರ ಇವಳದೇ ಜಾಸ್ತಿ" ಅಂತ ನಕ್ಕಿದ್ರಿ.

ಹೋದ ವರ್ಷ ಬೇಸಿಗೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ರೈತರ ಮನೆಮನೆಗೆ ಹೋದ್ರಲ್ಲ, ಆಗ ನಿಮಗೆ ಚಿಕಿತ್ಸೆ ಶುರುವಾಗಿ ಎರಡೇ ತಿಂಗಳು. ಮೆಟ್ಟಿಲು ಹತ್ತೋಕೂ ನನ್ನ ಭುಜ ಹಿಡ್ಕೋತಿದ್ರಿ. ಆದರೂ ಮಾತು ಶುರುವಾದರೆ ನಿಲ್ತಿರಲಿಲ್ಲ. ಗೋಧಿ ಕುಯ್ದ ಹೊಲ ಉಳಬೇಡಿ, ಬೀಜ ತೆಳ್ಳಗೆ ಬಿತ್ತಿ, ಬೇರು ಆಳಕ್ಕಿಳಿದರೆ ಮಳೆ ತಪ್ಪಿದ ವರ್ಷವೂ ನೀರು ಹುಡುಕ್ಕೊಳ್ಳುತ್ತೆ ಅಂತ. ಇದ್ದ ಏಳು ಜನರಲ್ಲಿ ಇಬ್ಬರು ಒಪ್ಪಿದ್ರು. ನಾವು ಗೌರವಕ್ಕೆ ಅವರಿಗೆಲ್ಲ ಸಾನ್ ಅಂದರೆ, ಅವರು ನಿಮ್ಮನ್ನ ಸೆನ್ಸೇ, ಟೀಚರ್ ಅಂತಿದ್ರು. ಫುಜಿತಾ ಸಾನ್ ಅಂತೂ, "ಸೆನ್ಸೇ, ನೀವು ಕಾಗದದ ಮೇಲೆ ಬೆಳೀತೀರಿ, ನಾನು ಮಣ್ಣಲ್ಲಿ ಬೆಳೀತೀನಿ" ಅಂತ ಬಾಗಿಲಲ್ಲೇ ಹೇಳಿ ಕಳಿಸಿದ್ರು. ಕಡೆಗೆ ಕಿಮುರಾ ಸಾನ್ ಮನೆ. ಎಪ್ಪತ್ತು ದಾಟಿದ ಮನುಷ್ಯ ಎರಡು ಗಂಟೆ ತುಟಿ ಬಿಚ್ಚದೆ ಕೇಳಿ, ನಿಮ್ಮ ಮುಖವನ್ನೇ ನೋಡಿ, "ಸರಿ, ಮಾಡೋಣ" ಅಂದ್ರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಎಷ್ಟು ಖುಷಿಯಾಗಿದ್ರಿ!

ಅದಾದ ಮುಂದಿನ ವಾರ ಅವರ ಹೊಲದಲ್ಲಿ ಮಣ್ಣು ಎಷ್ಟು ಆಳಕ್ಕಿದೆ ನೋಡ್ಕೊಂಡು ಬಾ ಅಂತ ನನ್ನ ಕಳಿಸಿದ್ರಿ. ಐದು ಕಡೆ ಅಗೀಬೇಕಿತ್ತು. ರಸ್ತೆ ಪಕ್ಕದಲ್ಲಿ ಎರಡು ಗುಂಡಿ ತೋಡಿದೆ, ಸೊಂಪಾದ ಕಪ್ಪು ಮಣ್ಣು. ಅಷ್ಟರಲ್ಲಿ ಮಳೆ ಹನಿಯೋಕೆ ಶುರುವಾಯ್ತು, ಬಸ್ಸಿಗೆ ಹೊತ್ತಾಗಿತ್ತು. ಎಲ್ಲ ಒಂದೇ ಹೊಲ ತಾನೆ ಅಂದುಕೊಂಡು ಉಳಿದ ಮೂರು ಗುಂಡಿಯ ಅಳತೆಯನ್ನೂ ಸುಮ್ಮನೆ ಬರೆದುಬಿಟ್ಟೆ. ಸಾಯಂಕಾಲ ನೀವು ಫೋನ್ ಮಾಡಿ, "ನಡುವೆ ಅಗೆದ್ಯಾ?" ಅಂತ ಕೇಳಿದ್ರಿ. "ಅಗೆದೆ ಅಕ್ಕಾ" ಅಂದೆ.

ಆಸ್ಪತ್ರೆಯಲ್ಲಿ ನಿಮ್ಮನ್ನು ಕಡೇ ಸಲ ನೋಡಿದಾಗ ಹೊರಗೆ ಹಿಮ ಬೀಳ್ತಿತ್ತು. ಬೇಸಿಗೆ ಕೊನೆಗೆ ಬಿತ್ತಿದ ಗಿಡಗಳು ಹಿಮದ ಕೆಳಗೆ ಹೇಗಿವೆಯೋ ಅಂದ್ರಿ. "ಅಕ್ಕಾ, ಕಿಮುರಾ ಸಾನ್ ಹೊಲದ್ದು ಒಂದು ವಿಷಯ..." ಅಂತ ಬಾಯಿ ತೆರೆದೆ. ನರ್ಸ್ ಬಂದ್ರು. ಅವರು ಬಂದಿದ್ದಕ್ಕೇ ಹೇಳೋಕಾಗಲಿಲ್ಲ ಅಂತ ಎಷ್ಟೋ ದಿನ ನನಗೆ ನಾನೇ ಹೇಳ್ಕೊಂಡೆ. ಅವರು ಎರಡೇ ನಿಮಿಷದಲ್ಲಿ ಹೋದ್ರು ಅಕ್ಕಾ. ಆಮೇಲೂ ನಾನು ಒಂದು ಗಂಟೆ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಹತ್ತು ದಿನಕ್ಕೆ ನೀವು...

ಮೇ ತಿಂಗಳಲ್ಲಿ ಹೂ ಬಿಟ್ಟಾಗ ನೀವಿರಬೇಕಿತ್ತು. ಚಳಿಗಾಲದಲ್ಲಿ ಹಿಮ ಬಿದ್ದಿದ್ದೇ ಕಮ್ಮಿ, ಆಮೇಲೆ ಮಳೆಯೂ ಇಲ್ಲ. ಜೂನ್ ಪೂರ್ತಿ ಮಣ್ಣು ಬಿರುಕು ಬಿಟ್ಟಿತ್ತು. ನಿಮ್ಮ ಮಾತು ಮೊದಲೇ ಒಪ್ಪಿದ್ದ ಆ ಇಬ್ಬರ ಹೊಲದಲ್ಲಿ ಗಿಡಗಳು ಗಟ್ಟಿಯಾಗಿ ನಿಂತಿದ್ವು. ಕಿಮುರಾ ಸಾನ್ ಹೊಲ ಅಂಚಿನಲ್ಲಿ ಹಸಿರು, ನಡುವೆ ಒಣಗಿ ಕಡ್ಡಿ. ಒಂದು ಗಿಡ ಕಿತ್ತು ನೋಡಿದೆ. ಬೇರು ಒಂದು ಗೇಣು ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿತ್ತು. ಅದರ ಕೆಳಗೆ ಬರೀ ನದಿಯ ಗುಂಡುಕಲ್ಲು. ಅವತ್ತು ಆ ಹೊಲದಲ್ಲಿ ಕೂತು ಅತ್ತುಬಿಟ್ಟೆ.

ಜುಲೈ ಕೊನೆಗೆ ಕೊಯ್ಲಾಗಿ, ಬೀಜ ಒಣಗಿಸಿ ತೂಗಿದ ಮೇಲೆ ರೈತರ ಸಂಘದ ಹಾಲ್‌ನಲ್ಲಿ ಸಭೆ ಸೇರಿತು. ಕಾಲು ಎಕರೆಗೆ ಎಷ್ಟು ಚೀಲ ಅನ್ನೋ ಲೆಕ್ಕದಲ್ಲಿ ಒಬ್ಬೊಬ್ಬರೇ ಹೇಳ್ತಾ ಬಂದ್ರು. ಫುಜಿತಾ ಸಾನ್ ಐದು ಚೀಲ. ಮಿಕ್ಕ ಮೂವರದೂ ಹೆಚ್ಚುಕಮ್ಮಿ ಅಷ್ಟೇ. ನೀವು ಹೇಳಿದ ಹಾಗೆ ಬಿತ್ತಿದ ಆ ಇಬ್ಬರದು ಏಳು ಚೀಲ, ಏಳೂವರೆ. ಹಾಲ್ ತುಂಬಾ ಗುಜುಗುಜು. ಕೊನೆಗೆ ಕಿಮುರಾ ಸಾನ್ ಎದ್ದು, "ಎರಡೂವರೆ" ಅಂತ ಹೇಳಿ ಕೂತ್ರು.

ಆಮೇಲೆ ಫುಜಿತಾ ಸಾನ್ ಮೆತ್ತಗೆ, "ಹಾಗಾದರೆ ಸೆನ್ಸೇ ಲೆಕ್ಕ ತಪ್ಪಿತ್ತು" ಅಂದ್ರು.

ನಿಮ್ಮ ಲೆಕ್ಕ ತಪ್ಪು ಅಂದರೆ ನಾನು ಹೇಗೆ ಸುಮ್ಮನೆ ಕೂರಲಿ? ಎದ್ದು ನಿಂತೆ. ನನ್ನ ಜಪಾನಿ ಭಾಷೆ ನಿಮಗೆ ಗೊತ್ತಲ್ಲ, ಗಾಬರಿಯಾದರೆ ಕ್ರಿಯಾಪದವೇ ಹಾರಿಹೋಗುತ್ತೆ. "ಸುಮಿಮಾಸೆನ್, ಕ್ಷಮಿಸಿ. ಸೆನ್ಸೇ ತಪ್ಪಲ್ಲ. ನಡುವೆ ಅಗೆಯೋಕೆ ಹೇಳಿದ್ರು. ನಾನು ಅಗೆಯಲಿಲ್ಲ. ಅಗೆದೆ ಅಂತ ಸುಳ್ಳು ಹೇಳಿದೆ" ಅಂತ ಹೇಗೋ ಹೇಳಿ, ತಲೆ ಬಗ್ಗಿಸಿದವಳು ಎತ್ತಲೇ ಇಲ್ಲ.

ಕಿಮುರಾ ಸಾನ್ ಧ್ವನಿ ಕೇಳಿಸಿತು. "ಅಲ್ಲಿ ಕಲ್ಲಿದೆ ಅಂತ ನನಗೆ ಗೊತ್ತಿತ್ತು. ನಮ್ಮಜ್ಜನ ಕಾಲದಲ್ಲಿ ನದಿ ಅಲ್ಲೇ ಹರೀತಿತ್ತು. ಆದರೆ ಸೆನ್ಸೇ ಆ ಸ್ಥಿತಿಯಲ್ಲಿ ನಮ್ಮ ಮನೆಗೆ ಬಂದು ಕೂತು ಅಷ್ಟು ಹೇಳುವಾಗ, ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ." ಕಡೆಗೆ, "ಆದರೂ ನೀವು ಅಗೆಯಬೇಕಿತ್ತು, ರಶ್ಮಿ ಸಾನ್" ಅಂದ್ರು.

ಬೈದಿದ್ದರೆ ತಡ್ಕೋತಿದ್ದೆ. ಅವರು ಅಷ್ಟು ಹೇಳಿ, ತಮ್ಮ ಟೀ ಲೋಟವನ್ನು ನನ್ನ ಮುಂದಕ್ಕೆ ಸರಿಸಿದ್ರು. ನಿಮಗೆ ಬೇಜಾರಾಗಬಾರದು ಅಂತ ಅವರು ವರ್ಷದ ಬೆಳೆಯನ್ನೇ ಬಿಟ್ಟುಕೊಟ್ಟಿದ್ರು. ನಾನು ಬರೀ ಒಂದು ಬಸ್ಸಿಗೋಸ್ಕರ... ಎರಡೂ ಒಂದೇ ಆಗುತ್ತಾ ಅಕ್ಕಾ?

ಎರಡು ದಿನ ಬಿಟ್ಟು ಗುದ್ದಲಿ ತಗೊಂಡು ಅವರ ಹೊಲಕ್ಕೆ ಹೋದೆ. ಬೆಳಗಿಂದ ಸಂಜೆವರೆಗೆ ಹನ್ನೆರಡು ಗುಂಡಿ ಅಗೆದೆವು. ಅವರು ಕಲ್ಲು ಎತ್ತಿ ಹಾಕಿದ್ರು, ನಾನು ಅಳತೆ ಬರ್ಕೊಂಡೆ. ಹಳೇ ನದಿ ಹರಿದಿದ್ದ ಜಾಗ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿತು. ಇನ್ನು ಅಲ್ಲಿ ಕ್ಯಾನೋಲಾ ಬಿತ್ತೋದಿಲ್ಲವಂತೆ. ನಾನೀಗ ಬರೆದು ಮುಗಿಸ್ತಿರೋ ನಿಮ್ಮ ವರದಿಯಲ್ಲಿ ಅವರ ಹೊಲ ಬಿಟ್ಟರೆ ಫಲಿತಾಂಶ ಚೆನ್ನಾಗಿ ಕಾಣುತ್ತೆ ಅಂತ ಲ್ಯಾಬಿನಲ್ಲಿ ಒಬ್ಬರು ಅಂದ್ರು. ಕಿಮುರಾ ಸಾನ್‌ಗೆ ಹೇಳಿದೆ. "ಬಿಡಬೇಡಿ. ಅಡಿಯಲ್ಲಿ ಕಲ್ಲಿರೋ ಹೊಲದವರು ಓದಬೇಕಾಗಿರೋದು ಅದನ್ನೇ" ಅಂದ್ರು. ಬಿಡೋದಿಲ್ಲ ಅಕ್ಕಾ. ಎರಡೂವರೆ ಚೀಲವೂ ಇರುತ್ತೆ, ಅದು ಯಾಕೆ ಹಾಗಾಯ್ತು ಅನ್ನೋದೂ ನನ್ನ ಹೆಸರಿನ ಸಮೇತ ಇರುತ್ತೆ.

ಇನ್ನೊಂದು ಸುದ್ದಿ. ಆಗಸ್ಟ್ ಕೊನೆಗೆ ಫುಜಿತಾ ಸಾನ್ ತಾವಾಗಿಯೇ ಲ್ಯಾಬಿಗೆ ಬಂದು, ಕೂರದೆ ನಿಂತುಕೊಂಡೇ, "ನನ್ನ ಹೊಲವನ್ನೂ ಅಗೆದು ನೋಡಿ" ಅಂದ್ರು. ಅಗೆದೆ, ಎಲ್ಲ ಕಡೆ. ಆಳವಾದ ಮಣ್ಣು. ಈ ಸಲ ಅವರು ಉಳಲಿಲ್ಲ. ನಿನ್ನೆ ಹೋಗಿ ನೋಡಿಕೊಂಡು ಬಂದೆ: ಗೋಧಿ ಕೂಳೆಯ ನಡುವೆ ಮೊಳಕೆ ಬಂದಿದೆ ಅಕ್ಕಾ, ತೆಳ್ಳಗೆ, ಸಾಲಿಗೆ ಸಾಲು, ನೀವು ಹೇಳಿದ್ದಷ್ಟೇ ಜಾಗ ಬಿಟ್ಟು.

ನಿಮ್ಮ
ರಶ್ಮಿ