ಬೀಸುಕಲ್ಲಿನ ಮೇಲೆ ಹಣ್ಣಿನ ಬುಟ್ಟಿ

ಸೆಪ್ಟೆಂಬರ್ 10, ಬುಧವಾರ

ಸಾರಿ. ಕೆಮಿಸ್ಟ್ರಿ ನೋಟ್ಸ್‌ಗೆಂದು ತಂದ ಪುಸ್ತಕ ಇದು. ಇದರಲ್ಲಿ ಇದನ್ನೆಲ್ಲ ಬರೆಯಬಾರದು. ಆದರೆ ಎಲ್ಲಾದರೂ ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಶನಿವಾರದ ಕಾರ್ಯಕ್ರಮಕ್ಕೆ ಇವತ್ತೂ ರಿಹರ್ಸಲ್. ಊಟದ ಟೇಬಲ್ ಮುಂದೆ ನಿಂತು, ಕೈಯಲ್ಲಿ ಮೈಕ್ ಬದಲು ಲಟ್ಟಣಿಗೆ. ಉಮಾಶ್ರೀ ಕಾಕು, ಅಂದರೆ ನನ್ನ ಚಿಕ್ಕಮ್ಮ, ಗೋಕುಲ ರಸ್ತೆಯ ಕ್ಲಬ್ಬಿನ ಕಲ್ಚರಲ್ ಸೆಕ್ರೆಟರಿ. ತಿಂಗಳಿಗೊಂದು ಉಪನ್ಯಾಸ, ಆಗಾಗ ಔಟಿಂಗ್ — ಮೆಂಬರ್ಸ್‌ಗೆ ಮಾತ್ರ. ನವನಗರದ ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುವ ತಪ್ಪಿಗೆ ನಿರೂಪಣೆ ನನ್ನದು. ಐದನೇ ಕ್ಲಾಸಿನಿಂದ ಇಲ್ಲಿಗೆ ಬರುವ ತನಕ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್. ಕನ್ನಡದಲ್ಲಿ ಜಗಳ ಬರುತ್ತದೆ, ನಿರೂಪಣೆ ಬರುವುದಿಲ್ಲ.

“ಕಾಕು, ಪ್ಲೀಸ್, ಇಂಗ್ಲಿಷ್‌ನ್ಯಾಗ ಮಾಡ್ಲೇನ್ರಿ?”

“ಬೀಸೂ ಪದದ ಕಾರ್ಯಕ್ರಮಕ್ಕ ಇಂಗ್ಲಿಷ್? ಮಂದಿ ನಗತಾರ ಭಾಗ್ಯಾ. ಸ್ವಾಗತದಿಂದ ವಂದನಾರ್ಪಣೆ ತನಕ ಎಲ್ಲಾ ಬರದ ಕೊಟ್ಟೇನಲ್ಲ. ಓದಿಬಿಡು, ಆತು.”

ಈ ಸಲದ ಅತಿಥಿ ತಾಜಬಿ ಅಕ್ಕೋರು. ಅಮ್ಮಿನಬಾವಿಯವರು, ರಿಟೈರ್ಡ್ ಕನ್ನಡ ಟೀಚರ್; ಬೀಸುಕಲ್ಲಿನ ಹಾಡುಗಳ ಬಗ್ಗೆ ಮಾತಾಡಿ, ಹಾಡಿಯೂ ತೋರಿಸುತ್ತಾರೆ. ಯಾಸ್ಮಿನಳ ನಾನಿ, ಅಂದರೆ ತಾಯಿಯ ತಾಯಿ. ಹೆಸರು ಸೂಚಿಸಿದವಳು ನಾನೇ. ಕಾಲೇಜಿನಲ್ಲಿ ನನಗಿರುವ ಒಬ್ಬಳೇ ಫ್ರೆಂಡ್ ಯಾಸ್ಮಿನ. ಏನಾದರೂ ಎಡವಟ್ಟಾದರೆ... ಬೇಡ.

ಸೆಪ್ಟೆಂಬರ್ 12, ಶುಕ್ರವಾರ

ಹಾಡಲೆಂದೇ ನಾನಿ ಹಲ್ಲಿನ ಸೆಟ್ ಹೊಸದು ಮಾಡಿಸಿದ್ದಾರಂತೆ. ಹಳೆಯದು ಸ್ವರ ಏರಿದಾಗ ಸಡಿಲಾಗುತ್ತಿತ್ತಂತೆ! ಬೀಸುಕಲ್ಲೂ ಮನೆಯದೇ ಬೇಕು. ಯಾಸ್ಮಿನಳ ಮುಕ್ತಾರ ಮಾಮಾ ಟಂಟಂ ಆಟೊದಲ್ಲಿ ತರುತ್ತಾರೆ.

“ಕಲ್ಲು ತಿರುಗಲಿಲ್ಲಂದ್ರ ನಾನಿಗೆ ಪದಾನ ಬರೂದಿಲ್ಲ,” ಅಂದಳು ಯಾಸ್ಮಿನ. “ಸ್ಟೇಜ್ ಗಟ್ಟಿ ಐತೇನ, ನಿಮ್ಮ ಕಾಕುನ್ನ ಕೇಳು.”

ಕೇಳಿದೆ. ಕಾಕು ಖುಷಿ. “ತರ್ಲಿ ತರ್ಲಿ. ಸ್ಟೇಜಿಗೆ ಛಲೋ ಲುಕ್ ಬರತೈತಿ.”

ಸೆಪ್ಟೆಂಬರ್ 13, ಶನಿವಾರ

ಇವತ್ತು ಬರೆಯಲು ಆಗುವುದಿಲ್ಲ.

ಸೆಪ್ಟೆಂಬರ್ 14, ರವಿವಾರ

ಸರಿ. ಆದದ್ದು ಆದ ಹಾಗೆ.

ನಿನ್ನೆ ಕಾರ್ಯಕ್ರಮ ಶುರುವಾದದ್ದೇ ತಡವಾಗಿ. ದೀಪ, ಪ್ರಾರ್ಥನೆ, ಆಮೇಲೆ ಸನ್ಮಾನ. ಅತಿಥಿಯೊಬ್ಬರಿಗೇ ಮಾಡಿದರೆ ಮೆಂಬರ್ಸ್ ಮುನಿಸಿಕೊಳ್ಳುತ್ತಾರಂತೆ. ಹಾಗಾಗಿ ಮೊದಲು ಅಧ್ಯಕ್ಷ ಗುರುಬಸವ ಅಂಕಲ್‌ಗೆ. ಮಾಜಿ ಅಧ್ಯಕ್ಷರಿಗೆ. ಅವರಿಗಿಂತ ಮಾಜಿ ಅಧ್ಯಕ್ಷರಿಗೆ. ಯಾರದೋ ಮೊಮ್ಮಗ ಈಜಿನಲ್ಲಿ ಮೆಡಲ್ ತಂದನೆಂದು ಸನ್ಮಾನ — ಮೊಮ್ಮಗನಿಗಲ್ಲ, ಅಜ್ಜನಿಗೆ! ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಯಾರೋ ಕಣ್ಣು ಮುಚ್ಚಿದರು, ಮತ್ತೊಂದು ಫೋಟೋ. ಸನ್ಮಾನಿತರೆಲ್ಲರಿಂದ “ಎರಡೇ ಎರಡು ಮಾತು”. ಎರಡಂತೆ!

ಬುಟ್ಟಿಗಳಿಗೆ ಟೇಬಲ್ ಸಾಲಲಿಲ್ಲ. ಬೀಸುಕಲ್ಲಿನ ಮೇಲೆ ಪೇರಿಸಿದರು. ಅಕ್ಕೋರು ಕೊನೆಯ ಕುರ್ಚಿಯಲ್ಲಿ, ಬೀಸಲು ತಂದ ಜೋಳದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

ಕಡೆಗೆ ಅವರ ಸರದಿ. ಶಾಲು ಹೊದಿಸಿದರು. ಅವರು ಮೈಕ್ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಊಟದ ಹಾಲ್‌ನ ಬಾಗಿಲು ತೆರೆಯಿತು. ಈ ಕ್ಲಬ್ಬಿನಲ್ಲಿ ಏನು ತಪ್ಪಿದರೂ ಊಟದ ಹೊತ್ತು ತಪ್ಪುವಂತಿಲ್ಲ. ಕೆಳಗಿನಿಂದ ಕಾಕು ಕೈ ಮಾಡಿದರು — ಮುಗಿಸು, ಮುಗಿಸು. ಹಾಳೆಯಲ್ಲಿ ಮುಂದೆ ಇದ್ದದ್ದನ್ನು ಓದಿಬಿಟ್ಟೆ.

“ತಮ್ಮ ಸುಮಧುರ ಕಂಠದಿಂದಲೂ ವಿದ್ವತ್ಪೂರ್ಣ ಉಪನ್ಯಾಸದಿಂದಲೂ ನಮ್ಮೆಲ್ಲರನ್ನು ಮಂತ್ರಮುಗ್ಧಗೊಳಿಸಿದ ಶ್ರೀಮತಿ ತಾಜಬಿಯವರಿಗೆ ಅನಂತ ವಂದನೆಗಳು...”

ಆಡದ ಮಾತಿಗೆ, ಹಾಡದ ಹಾಡಿಗೆ ಥ್ಯಾಂಕ್ಸ್! ಒಬ್ಬರಾದರೂ ನಗಬೇಕಲ್ಲ? ಇಲ್ಲ. ಜೋರು ಚಪ್ಪಾಳೆ. ಗುರುಬಸವ ಅಂಕಲ್ ಅಂತೂ “ಭಾಳ ಛಲೋ ಹಾಡಿದ್ರಿ ಅಕ್ಕೋರ” ಎಂದು ಕೈಮುಗಿದು ಊಟಕ್ಕೆ ಹೋದರು.

ಅಕ್ಕೋರು ನನ್ನನ್ನು ನೋಡಿದರು. “ನೀನೂ ಊಟಕ್ಕ ಹೋಗವಾ, ಆರತೈತಿ.” ಜೋಳದ ಚೀಲವನ್ನು ಆ ಶಾಲಿನಲ್ಲೇ ಸುತ್ತಿಕೊಂಡರು. ಯಾಸ್ಮಿನ ಬುಟ್ಟಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಮಾಮಾ ಕಲ್ಲು ಎತ್ತಿಕೊಂಡರು. ಮೂವರೂ ಉಣ್ಣದೆ ಹೋದರು.

ಸೆಪ್ಟೆಂಬರ್ 18, ಗುರುವಾರ

ಯಾಸ್ಮಿನ ಬೆಂಚ್ ಬದಲಿಸಿದಳು. ಲ್ಯಾಬ್ ಪಾರ್ಟ್ನರ್ ಕೂಡ. ನಾನು ಕಳಿಸಿದ ‘ಸಾರಿ’ ಮೆಸೇಜುಗಳಿಗೆಲ್ಲ ನೀಲಿ ಟಿಕ್, ಅಷ್ಟೇ.

ಕಾಕು ಕ್ಲಬ್ಬಿನ ಗ್ರೂಪಿಗೆ ಫೋಟೋ ಹಾಕಿದ್ದಾರೆ. “ಅಭೂತಪೂರ್ವ ಕಾರ್ಯಕ್ರಮ”. ಕೆಳಗೆಲ್ಲ ಕೈಮುಗಿದ ಇಮೋಜಿ. ಫೋನ್ ಬಾವಿಗೆ ಎಸೆಯಬೇಕು.

ಸೆಪ್ಟೆಂಬರ್ 26, ಶುಕ್ರವಾರ

ಮುಂದಿನ ಔಟಿಂಗ್ ಎಲ್ಲಿಗೆ? ಅಮ್ಮಿನಬಾವಿಗೆ!

“ನಿಮ್ಮ ಅಕ್ಕೋರ ಮನ್ಯಾಗ ಹತ್ತ ನಿಮಿಷ ಹಾಡಿಸೂಣು,” ಅಂದರು ಕಾಕು. “ಅವತ್ತ ಉಳದಹೋತಲ್ಲ.”

“ಅವರು ಹಾಡೇ ಇಲ್ಲಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿಲ್ಲದ ಏನವಾ? ಹೊತ್ತಾಗಿತ್ತು. ಶಾಲ ಹೊಚ್ಚೇವಲ್ಲ ಮತ್ತ?”

ಹೋಗಿ ಕೇಳಿ ಬರಬೇಕಾದವಳೂ ನಾನೇ.

ಸೆಪ್ಟೆಂಬರ್ 28, ರವಿವಾರ

ಬಸ್ಸಿನಲ್ಲಿ ಎಲ್ಲ ಬಾಯಿಪಾಠ ಮಾಡಿದ್ದೆ. ಅವರ ಬಾಗಿಲಲ್ಲಿ ಒಂದಕ್ಷರ ನೆನಪಾಗಲಿಲ್ಲ. ಅತ್ತುಬಿಟ್ಟೆ.

“ಅಳೂದು ಆಮ್ಯಾಲೆ. ಮೊದಲ ಕಲ್ಲಿಗೆ ಕೂಡು,” ಅಂದರು ಅಕ್ಕೋರು.

ಗೂಟ ಹಿಡಿದು ತಿರುಗಿಸಿದೆ. ಎದುರಿಗೆ ಕೂತು ಅವರೂ ಕೈ ಹಚ್ಚಿದರು. ಕಲ್ಲು ಗುರುಗುಟ್ಟಿತು, ಅದರೊಳಗಿನಿಂದಲೇ ಎನ್ನುವ ಹಾಗೆ ಪದ ಎದ್ದಿತು. ಅರ್ಥ ಪೂರ್ತಿ ಆಗಲಿಲ್ಲ. ತೋಳು ಸೋತು ನಿಂತೆ. ಪದವೂ ನಿಂತಿತು.

“ನಿಂದರಬ್ಯಾಡ! ಇದೇನ್ ನಿಮ್ಮ ಕ್ಲಬ್ಬೇನು, ನಡುವ ನಿಲ್ಲಸಾಕ?”

ಅಂಗೈಯಲ್ಲಿ ಗುಳ್ಳೆ. ಕ್ಲಬ್ಬಿನವರು ಬರಲಿ, ಆದರೆ ಶಾಲು ಬೇಡ, ಹಾರ ಬೇಡ, ಭಾಷಣ ಬೇಡ ಅಂದರು. “ಕೇಳಾವ್ರು ಸರತಿ ಮ್ಯಾಲೆ ಬೀಸಬೇಕು. ಅದೇ ಹಿಟ್ಟಿನ ರೊಟ್ಟಿ ತಿಂದು ಹೋಗಬೇಕು. ನಿಮ್ಮ ಅಧ್ಯಕ್ಷರೂ.”

“ಅವರಿಗೆ ಮೊಣಕಾಲ ನೋವ್ರಿ.”

“ಬೀಸೂದು ಕೈಲೆ ಹೌದಲ್ಲೋ?”

ಚಹಾ ತಂದ ಯಾಸ್ಮಿನ ಮುಖ ಆಚೆ ತಿರುಗಿಸಿದಳು. ನಕ್ಕಳೇ? ಸ್ಟ್ಯಾಂಡಿನ ತನಕ ಬಂದಳು. ಬಸ್ ಬಂದ ಮೇಲೆ ಬಾಯಿ ಬಿಟ್ಟಳು.

“ನೋಡು, ಇನ್ನೊಮ್ಮೆ ಶಾಲ ಹೊಚ್ಚಿ ನಮ್ಮ ನಾನಿ ಬಾಯಿ ಮುಚ್ಚಿಸಿದ್ರ, ನನ್ನ ಜೋಡಿ ಮಾತಾಡಾಕ ಬರಬ್ಯಾಡ.”

ಅಕ್ಟೋಬರ್ 2, ಗುರುವಾರ

ದಸರಾ. ಬನ್ನಿ ಕೊಡಲು ಗುರುಬಸವ ಅಂಕಲ್ ಬಂದಿದ್ದರು. ಧೈರ್ಯ ಮಾಡಿ ಅಕ್ಕೋರ ಷರತ್ತು ಹೇಳಿದೆ. ನಕ್ಕರು. “ನಮ್ಮವ್ವನ ತೊಡಿ ಮ್ಯಾಲೆ ಮಲಗಿ ಬೀಸೂ ಪದಾ ಕೇಳಿದಾಂವ ನಾನು. ಬೀಸತೇನಿ ತಗೋ.”

ಕಾಕುವಿಗೆ ಮಾತ್ರ ಸಂಕಟ. “ಬರಿಗೈಲೆ ಹೆಂಗ ಹೋಗೂದವಾ? ಮಂದಿ ಏನಂದಾರು?” ಬನ್ನಿ ಎಲೆ ಕೈಯಲ್ಲಿಟ್ಟು, ಶಾಲು ತರುವುದಿಲ್ಲವೆಂದು ಆಣೆ ಮಾಡಿಸಿಕೊಂಡೆ. ಯಾಸ್ಮಿನಳಿಗೆ ಬರೆದೆ: ಶಾಲು ಇಲ್ಲ, ಗ್ಯಾರಂಟಿ. ಉತ್ತರಕ್ಕೆ ಒಂದು ಹೆಬ್ಬೆರಳಿನ ಇಮೋಜಿ ಬಂತು. ಹೆಬ್ಬೆರಳಾದರೂ ಬಂತು!

ಅಕ್ಟೋಬರ್ 5, ರವಿವಾರ, ಔಟಿಂಗ್ ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಕ್ಲಬ್ಬಿನಿಂದ ಹೊರಟು ಗೋಕುಲ ರಸ್ತೆ ದಾಟಿದ ಮೇಲೆ ಕಾಲಿಗೇನೋ ತಗುಲಿತು. ಸೀಟಿನ ಕೆಳಗೆ ದೊಡ್ಡ ಚೀಲ. ತುಂಬ ಶಾಲು! ಮೇಲೊಂದು ಹಾಳೆ, ಕಾಕು ಅಕ್ಷರ: “ವಂದನಾರ್ಪಣೆ — ಭಾಗ್ಯಶ್ರೀ”. ಸುಮಧುರ ಕಂಠ, ವಿದ್ವತ್ಪೂರ್ಣ... ಅದೇ, ಅದೇ!

“ಕಾಕು, ಆಣಿ ಮಾಡಿದ್ರಲ್ಲ!”

“ಅಕ್ಕೋರಿಗೆ ಒಂದ ಶಾಲವಾ, ಒಂದ. ಉಳದದ್ದು ಮೆಂಬರ್ಸ್‌ಗೆ.” ಮತ್ತೆ ಅಂತ್ಯಾಕ್ಷರಿಗೆ ತಿರುಗಿದರು.

ಹಾಳೆ ಹರಿದೆ. ನವನಗರದಲ್ಲಿ ಇಬ್ಬರು ಹತ್ತುವವರಿದ್ದಾರೆ, ಬಸ್ ನಿಲ್ಲುತ್ತದೆ. ಸ್ಟಾಪಿನ ಝೆರಾಕ್ಸ್ ಅಂಗಡಿಯವರು ಪರಿಚಯ, ಚೀಲ ಅಲ್ಲೇ ಬಿಡುತ್ತೇನೆ. ಚೀಲ ಆಗಲೇ ನನ್ನ ಮಡಿಲಲ್ಲಿದೆ. ಕಾಕು ನನ್ನನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೋ ಇಲ್ಲವೋ. ಬಸ್ ನಿಧಾನವಾಯಿತು... ಯಾಸ್ಮಿನಳಿಗೆ ಕಳಿಸಿದ್ದು ಇಷ್ಟೇ:

“ಶಾಲಿನ ಚೀಲ ನವನಗರದಾಗ ಇಳಸಾಕತ್ತೇನಿ. ನಾನಿಗೆ ಹೇಳು, ಜೋಳ ಹಸನ ಮಾಡಿ ಇಡ್ಲಿ. ನೀ ಸ್ಟ್ಯಾಂಡಿಗೆ ಬರತೀಯೋ ಇಲ್ಲೋ? ಲಗೂ ಉತ್ತರಾ ಹಾಕು.”